ಬಳೆಗೆ ತಾಗಿದ ಉಣ್ಣೆ

ನಮ್ಮತ್ತೆಗೆ ಬೀದಿಯವರೆಲ್ಲ ಇಟ್ಟ ಹೆಸರು ಧೂಳತ್ತೆ. ಮನೆಯಲ್ಲಿ ಚೂರು ಧೂಳು ಕಂಡರೂ ರಾದ್ಧಾಂತ ಮಾಡುವ ಈಕೆಗೆ ಸಿಕ್ಕ ಕೆಲಸ ನೋಡಿ: ರಾಕೆಟ್ ಶೆಡ್ಡಿನಲ್ಲಿ ಧೂಳು ಹಿಡಿಯುವ ಬಟ್ಟಲು ಜೋಡಿಸುವುದು! ಉಲ್ಕೆಗಳು ಆಕಾಶದಲ್ಲಿ ಬಹಳ ಎತ್ತರದಲ್ಲೇ ಉರಿದುಹೋಗುತ್ತವೆ. ಉಳಿದ ಸಣ್ಣ ಧೂಳಿನ ಮೇಲೆ ವಿದ್ಯುತ್ತು ಕೂತಿರುತ್ತದೆ. ಪುಟ್ಟ ರಾಕೆಟ್ಟು ಅಲ್ಲಿಗೆ ಹಾರಿ, ಬಟ್ಟಲಿಗೆ ಬಿದ್ದ ಕಣಗಳ ವಿದ್ಯುತ್ತನ್ನು ಅಳೆದು ಕೆಳಗೆ ತಿಳಿಸುತ್ತದೆ.

ಅದೇ ಶೆಡ್ಡಿನಲ್ಲಿ ಅತ್ತೆಯ ಅಣ್ಣ, ಅಂದರೆ ನಮ್ಮಪ್ಪ, ಬಡಗಿ. ರಾಕೆಟ್ಟನ್ನು ಮಲಗಿಸುವ ಮರದ ತೊಟ್ಟಿಲು ಅವನ ಕೈಕೆಲಸ. ಕೈ ಸುಮ್ಮನಿರದ ಮನುಷ್ಯ. ಮುಟ್ಟಬಾರದ್ದನ್ನು ಮುಟ್ಟಿ ಒಮ್ಮೆ ಬೈಸಿಕೊಂಡಿದ್ದ. ಇನ್ನೊಮ್ಮೆ ಮುಟ್ಟಿದರೆ ಸೀದಾ ಮನೆಗೆ ಎಂದು ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದ್ದರು.

ಅಂದು ಬೆಳಿಗ್ಗೆ ಬಟ್ಟಲಿನ ಮುಚ್ಚಳ ತೆಗೆದುಕೊಳ್ಳಲು ಅತ್ತೆ ಅತ್ತ ತಿರುಗಿದಳು. ಇತ್ತ ನೋಡಿದರೆ, ಅಪ್ಪ ಬಟ್ಟಲಿನ ಸುತ್ತಲಿನ ಪ್ಲಾಸ್ಟಿಕ್ ಬಳೆಯನ್ನು ಸ್ವೆಟರ್ ತೋಳಿನಿಂದ ಗಸಗಸ ತಿಕ್ಕುತ್ತಿದ್ದ.

“ಧೂಳಿತ್ತು ಕಣೇ. ನೀನು ಬೈತೀಯಲ್ಲಾ ಅಂತ ಒರೆಸ್ದೆ,” ಎಂದ, ಹೆಮ್ಮೆಯಿಂದ.

ಅತ್ತೆಯ ಜೀವ ಬಾಯಿಗೆ ಬಂತು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವುದಿಲ್ಲವೇ? ಉಣ್ಣೆ ತಿಕ್ಕಿದ ಬಳೆಯೂ ಹಾಗೆಯೇ. ಅದರ ವಿದ್ಯುತ್ತು ಮೇಲಿನ ಕಣಗಳನ್ನು ಅತ್ತಿತ್ತ ಎಳೆದು ತಳ್ಳಿ ಅಳತೆಯನ್ನೆಲ್ಲ ಸುಳ್ಳು ಮಾಡುತ್ತದೆ. ಆ ವಿದ್ಯುತ್ತನ್ನು ಇಳಿಸುವ ಯಂತ್ರವಿದ್ದ ಕೋಣೆಯ ಬೀಗದ ಕೈ ಮುಖ್ಯಸ್ಥರ ಜೇಬಿನಲ್ಲಿತ್ತು. ಕೇಳಿದರೆ ಅಣ್ಣನ ಅನ್ನಕ್ಕೆ ಕಲ್ಲು, ಸುಮ್ಮನಿದ್ದರೆ ರಾಕೆಟ್ಟು ಹಾರಿದ್ದೂ ದಂಡ.

ಮುಚ್ಚಳ ಅವಳ ಕೈಯಲ್ಲೇ ಇತ್ತು. ಹಾಕಿಬಿಟ್ಟಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಮುಖ್ಯಸ್ಥರೇ ಬಾಗಿಲಿಗೆ ಬಂದು, “ಆಯ್ತೇನಮ್ಮಾ?” ಎಂದರು.

“ಇಲ್ಲ ಸರ್. ಬಳೆಗೆ ಉಣ್ಣೆ ತಾಗಿದೆ. ಬೀಗದ ಕೈ ಕೊಡಿ.”

“ಉಣ್ಣೆನಾ? ಯಾರದ್ದು?”

ಅತ್ತೆ ಅಣ್ಣನಿಗೆ ಅಡ್ಡವಾಗಿ ನಿಂತಳು. “ನಾನು ಹೆಣೆದ ಸ್ವೆಟರ್ ಸರ್.”

ಸುಳ್ಳೇನಲ್ಲ. ಚಳಿಗೆ ಅಣ್ಣ ನಡುಗುತ್ತಾನೆಂದು ಅದನ್ನು ಹೆಣೆದುಕೊಟ್ಟವಳು ಅವಳೇ.

ಮುಖ್ಯಸ್ಥರು ಹುಬ್ಬು ಗಂಟಿಕ್ಕಿದರು. “ಅಂದ್ರೆ ನೀವೇ ಇಂಥ ಕೆಲಸ…”

“ಹೆಣೆದಿದ್ದು ಅವಳು ಸರ್. ಹಾಕ್ಕೊಂಡಿರೋನು ನಾನು,” ಎಂದ ಅಪ್ಪ. ಸ್ವೆಟರ್ ಕಳಚಿ ಹೆಗಲಿಗೆ ಹಾಕಿಕೊಂಡು, ಯಾರೂ ಹೇಳುವ ಮೊದಲೇ ಗೇಟಿನತ್ತ ನಡೆದ. ಮುಖ್ಯಸ್ಥರು ತಡೆಯಲಿಲ್ಲ.

ಬಳೆ ಸರಿಹೋಯಿತು. ಮುಚ್ಚಳ ಬಿಗಿದವಳೇ ಅತ್ತೆ ಗೇಟಿಗೆ ಓಡಿದಳು. ರಾಕೆಟ್ಟು ಏರುವಾಗ ಅಣ್ಣತಂಗಿ ಇಬ್ಬರೂ ಹೊರಗಿನ ರಸ್ತೆಯಲ್ಲಿ ನಿಂತಿದ್ದರು. ಅತ್ತೆಗೆ ಅಳು ತಡೆಯಲಾಗಲಿಲ್ಲ.

“ಧೂಳು ಸಿಗುತ್ತೇನೇ?” ಎಂದ ಅಪ್ಪ.

“ಸಿಗುತ್ತೆ ಅಣ್ಣಾ. ಸುಮ್ನಿರು.”

ಅಪ್ಪನ ಕೈ ಮಾತ್ರ ಸುಮ್ಮನಿರಲಿಲ್ಲ. ಅದೇ ಸ್ವೆಟರಿನ ತೋಳಿನಿಂದ ಅವಳ ಕಣ್ಣು ಒರೆಸಿದ. ಈ ಸಲ ಅವಳು ಬೈಯಲಿಲ್ಲ.