ಬೇರೆಯವರ ಮನೆಯಲ್ಲಿ ನಮ್ಮ ಟ್ರಂಕು

ನಾನು ಓದು ಬಿಟ್ಟದ್ದು ೧೯೯೦ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಇರಲಿಲ್ಲ. ಅಮ್ಮ ಒಬ್ಬಳೇ ದುಡಿಯುವುದನ್ನು ನೋಡಿಕೊಂಡು ಬೆಂಚಿನ ಮೇಲೆ ಕೂತಿರುವುದು ನನ್ನ ಕೈಲಾಗಲಿಲ್ಲ. ಭದ್ರಾವತಿಯಲ್ಲಿ ತಗಡಿನ ಕೆಲಸ ಕಲಿತೆ. ಎಷ್ಟೋ ವರ್ಷ ಬೇರೆಯವರ ಅಂಗಡಿಯಲ್ಲಿ ಟ್ರಂಕು, ಅಕ್ಕಿ ಡಬ್ಬ, ನೀರು ಕಾಯಿಸುವ ಬಾಯ್ಲರು ಮಾಡಿದ ಮೇಲೆ ನ್ಯೂ ಟೌನಿಗೆ ಹೋಗುವ ರಸ್ತೆಯಲ್ಲಿ ನನ್ನದೇ ಒಂದು ಶೆಡ್ಡು ಹಾಕಿದೆ. ಬೋರ್ಡು ಬರೆಸಿದೆ, ಪೂಜೆ ಮಾಡಿಸಿದೆ, ಗಿರಾಕಿಗೆ ಕಾದು ಕೂತೆ. ಬಂದ ಮೊದಲ ಗಿರಾಕಿ ಪಕ್ಕದ ನಲ್ಲಿಯಿಂದ ಒಂದು ಕೊಡ ನೀರು ಹಿಡಿದು ತಂದು, ಮಾರಾಟಕ್ಕಿಟ್ಟಿದ್ದ ಹೊಸ ಟ್ರಂಕಿನೊಳಗೆ ಸುರಿದರು.

"ಏನಮ್ಮ ಇದು? ಟ್ರಂಕ್ ಇರೋದು ಬಟ್ಟೆ ಇಡೋಕೆ, ನೀರು ತುಂಬೋಕಲ್ಲ!" ಎಂದು ನಾನು ಎದ್ದು ನಿಂತೆ.

"ಒಳಗಿನ ನೀರು ಹೊರಗೆ ಬಂದ್ರೆ ಹೊರಗಿನ ನೀರೂ ಒಳಗೆ ಹೋಗುತ್ತೆ. ಸುಮ್ನಿರು ಮಾರಾಯ, ನೋಡಾಣ."

ನೋಡಿದೆವು. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ ಹನಿ ಇಳಿಯಿತು. ಆಕೆ ಬೆರಳು ತೋರಿಸಿ, "ಅಳ್ತಾ ಐತೆ ನೋಡು ನಿನ್ನ ಟ್ರಂಕು" ಅಂದರು. ನನಗೆ ಮೈಯೆಲ್ಲ ಉರಿಯಿತು. "ಬೇರೆ ಅಂಗಡಿಗೆ ಹೋಗಿ" ಅನ್ನಲು ಬಾಯಿ ತೆರೆದವನು, ಹಾಗಂದರೆ ಟ್ರಂಕು ಸೋರುವುದು ನಿಜ ಎಂದು ಒಪ್ಪಿದ ಹಾಗೆ ಅನ್ನಿಸಿ ಮುಚ್ಚಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಅವರು ಇನ್ನೊಮ್ಮೆ ಬಂದು ಇನ್ನೊಂದು ಕೊಡ ಸುರಿದರು. ಹನಿ ಇಳಿಯಲಿಲ್ಲ. ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟು, "ನೀನು ಉದ್ಧಾರ ಆಗ್ತೀಯ. ಸಿಟ್ಟು ಬಂದ್ರೂ ಕೆಲಸ ಮಾಡ್ತೀಯ" ಅಂದು ಹೋದರು. ಅವರೇ ಪಾರ್ವತಕ್ಕ.

ಕೆಲವೇ ದಿನದಲ್ಲಿ ನಾನು ಅವರ ಮನೆಗೆ ಬಂದು ಹೋಗುವವನಾದೆ. ಅವರ ಗಂಡ ಸಿದ್ದಪ್ಪನವರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸು ಎರಡೇ ಕೋಣೆಯದು. ಆದರೆ ಆ ಮನೆಯಲ್ಲಿ ಏನು ಇಲ್ಲ ಅನ್ನುವ ಹಾಗಿರಲಿಲ್ಲ. ಮಳೆ ನಿಂತು ದೀಪಾವಳಿ ಕಳೆಯಿತೆಂದರೆ ಪಾರ್ವತಕ್ಕನ ಕೈಗೆ ಬಿಡುವಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಗಳು ಬಿಸಿಲಿಗೆ ಬರುತ್ತಿದ್ದವು, ಮಡಿಕೆಯ ನಡುವೆ ಬೇವಿನ ಸೊಪ್ಪು ಇಟ್ಟುಕೊಂಡು ಒಳಗೆ ಹೋಗುತ್ತಿದ್ದವು. ಚಳಿಗೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆ ಅಗಲ ಬಾಯಿಯ ಶೀಶೆಗೆ ಬದಲಾಗುತ್ತಿತ್ತು. ಶುಂಠಿ, ಮೆಣಸು, ಜೀರಿಗೆ ಕುಟ್ಟಿ ಕಷಾಯದ ಪುಡಿ. ಹುರಿದ ಶೇಂಗಾ. ಎಲ್ಲಕ್ಕಿಂತ ಮುಖ್ಯವಾಗಿ ಹುರಿಹಿಟ್ಟು. "ಗ್ಯಾಸ್ ಬೇಡ, ಒಲೆ ಬೇಡ, ಬೆಲ್ಲ ಇದ್ರೆ ಆಯ್ತು. ಬೆಲ್ಲ ಇಲ್ದಿದ್ರೆ ನೀರು. ಎರಡೂ ಇಲ್ದಿದ್ರೆ ಬಾಯಿಗೆ ಹಾಕ್ಕೊಂಡು ಸುಮ್ನೆ ಕೂತ್ಕೋ, ಕೆಮ್ಮಬೇಡ" ಎಂದು ಅದರ ಗುಣಗಾನ ಮಾಡುತ್ತಿದ್ದರು.

ಬೆಂಕಿಪೊಟ್ಟಣ, ಮೇಣದ ಬತ್ತಿ, ಟಾರ್ಚು ಇವು ಬಾಗಿಲ ಪಕ್ಕದ ಗೂಡಿನಲ್ಲಿ ಇರಬೇಕು. ಅಲ್ಲಿಂದ ಒಂದು ಗೇಣು ಆಚೆ ಹೋದರೂ ಮನೆಯಲ್ಲಿ ವಿಚಾರಣೆ ನಡೆಯುತ್ತಿತ್ತು. "ಕತ್ತಲಲ್ಲಿ ಕೈಗೆ ಸಿಗ್ದೇ ಇರೋ ಬೆಂಕಿಪೊಟ್ಟಣ, ಅಂಗಡೀಲೇ ಇದ್ದಂಗೆ" ಎಂಬುದು ಅವರ ಮಾತು. ಮನೆಗೆ ಬಂದ ನೆಂಟರಿಗೂ ಪರೀಕ್ಷೆ ಇತ್ತು. ಒಂದು ದಿನ ಮಟಮಟ ಮಧ್ಯಾಹ್ನ ನನ್ನ ಕಣ್ಣಿಗೆ ಟವೆಲ್ ಕಟ್ಟಿ, "ಕರೆಂಟ್ ಹೋಯ್ತು. ಟಾರ್ಚ್ ತಗೊಂಡು ಬಾ ಪರಮೇಶಿ" ಅಂದರು. ನಾನು ಮಂಚದ ಕಾಲಿಗೆ ಮೊಣಕಾಲು ಬಡಿಸಿಕೊಂಡು, ಟಾರ್ಚಿನ ಬದಲು ಸಿದ್ದಪ್ಪನವರ ಮೂಗು ಹಿಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಫ್ಯಾಕ್ಟರಿಯಿಂದ ರಿಟೈರ್ ಆಗಬೋದಪ್ಪ, ಇವಳಿಂದ ಆಗಕ್ಕಿಲ್ಲ" ಅಂದರು.

ಇಷ್ಟನ್ನು ಎಚ್ಚರದ ಯಾವ ಗೃಹಿಣಿಯಾದರೂ ಮಾಡಿಯಾಳು. ಪಾರ್ವತಕ್ಕನ ವಿಶೇಷ ಬೇರೆಯೇ ಇತ್ತು. ಕೂಡಿಟ್ಟದ್ದನ್ನೆಲ್ಲ ಅವರು ತಮ್ಮ ಮನೆಯಲ್ಲಿ ಇಡುತ್ತಿರಲಿಲ್ಲ. ಸುಮಾರು ಅರ್ಧವನ್ನು ಒಂದು ಟ್ರಂಕಿಗೆ ತುಂಬಿ ಮೇಲಿನ ಬೀದಿಯ ತಮಿಳರ ಸೆಲ್ವಿಯ ಮನೆಯಲ್ಲಿಡುತ್ತಿದ್ದರು. ಸೆಲ್ವಿಯ ಟ್ರಂಕು ಇವರ ಮನೆಯಲ್ಲಿರುತ್ತಿತ್ತು. ಎರಡರಲ್ಲೂ ಒಂದು ಜೊತೆ ಬಟ್ಟೆ, ಒಂದು ಕೌದಿ, ಕೆಲವು ದಿನದ ಅಕ್ಕಿ, ಹುರಿಹಿಟ್ಟು, ಮಾತ್ರೆ, ರೇಷನ್ ಕಾರ್ಡಿನ ಜೆರಾಕ್ಸು. "ಮನೆಗೆ ಬೆಂಕಿ ಬಿತ್ತು, ನೀರು ನುಗ್ತು ಅಂದ್ರೆ ಅದು ನಿನ್ನ ಡಬ್ಬ ಬಿಟ್ಟು ಪಕ್ಕದ್ದು ತಿಂತೈತಾ? ಎಲ್ಲಾ ಒಂದೇ ಕಡೆ ಇಟ್ಟು ನಾನು ಭಾರಿ ಜಾಣೆ ಅನ್ಕೊಂಡ್ರೆ ಆಯ್ತಾ?" ಎಂದು ಕೇಳುತ್ತಿದ್ದರು.

ಕಾರ್ತಿಕ ಮುಗಿದು ಚಳಿ ಹಿಡಿದ ಮೇಲಿನ ಮೊದಲ ಭಾನುವಾರ ಟ್ರಂಕುಗಳು ಬಾಯಿ ತೆರೆಯುತ್ತಿದ್ದವು. ಹಳೆಯ ಹಿಟ್ಟಿನಿಂದ ಉಂಡೆ ಕಟ್ಟಿ ಎಲ್ಲರೂ ತಿಂದು, ಹೊಸದು ತುಂಬುವುದು. ಒಂದು ವರ್ಷ ನಲ್ಲಿ ನೀರಿನ ಜಗಳದಲ್ಲಿ ಸೆಲ್ವಿಗೂ ಇವರಿಗೂ ಮಾತು ನಿಂತಿತ್ತು. ಆ ಭಾನುವಾರ ನಾನು ಅಲ್ಲೇ ಇದ್ದೆ. ಸೆಲ್ವಿ ಪಾರ್ವತಕ್ಕನ ಟ್ರಂಕು ಹೊತ್ತು ತಂದು ಜಗುಲಿಯ ಮೇಲೆ ಧೊಪ್ಪೆಂದು ಇಟ್ಟು, ಗೋಡೆಗೆ ಹೇಳಿದರು: "ಮಾತು ಇಲ್ಲೆ. ಟ್ರಂಕ್ ಮಾತ್ರ."

ಪಾರ್ವತಕ್ಕನೂ ಅದೇ ಗೋಡೆಗೆ ಉತ್ತರ ಕೊಟ್ಟರು. "ನಾನೂ ಮಾತು ಬಿಟ್ಟಿದೀನಿ, ಟ್ರಂಕ್ ಬಿಟ್ಟಿಲ್ಲ. ಅವಳಿಗೆ ಹೇಳು, ಕೌದಿಗೆ ಇಲಿ ಹತ್ತಿಸಿದಾಳೆ ಅಂತ."

"ಎಲಿ ನಮ್ಮನೇದಲ್ಲ, ಇವ್ರ ಕೌದಿಯಲ್ಲೇ ಬಂದಿತ್ತು ಅಂತ ಹೇಳಪ್ಪ!"

ಇಲಿ ಯಾರ ಮನೆಯದು ಎಂಬ ವಾದ ಉಂಡೆ ಕಟ್ಟುವ ತನಕ ನಡೆಯಿತು. ಅಷ್ಟರಲ್ಲಿ ಇಬ್ಬರೂ ಮಾತಾಡುತ್ತಿದ್ದರು.

ಮದುವೆಯಾಗಿ ನಾನು ಶಿವಮೊಗ್ಗಕ್ಕೆ ಬಂದೆ. ಗಾಂಧಿ ಬಜಾರಿನ ಹತ್ತಿರ ಅಂಗಡಿ ಹಿಡಿದೆ, ಕೋಟೆಯ ಕೆಳಗಿನ ತಗ್ಗಿನಲ್ಲಿ ಬಾಡಿಗೆ ಮನೆ ಮಾಡಿದೆ. ಹೆಂಡತಿ ಲೀಲಾಳನ್ನು ಕರೆದುಕೊಂಡು ಹೇಳಿ ಬರಲು ಹೋದಾಗ ಪಾರ್ವತಕ್ಕ ಕೇಳಿದ್ದು ಒಂದೇ: "ನದಿ ಎಷ್ಟು ದೂರ?"

"ಕಾಣುತ್ತೆ ಅಕ್ಕ" ಅಂದೆ.

"ಹಂಗಾದ್ರೆ ಅದಕ್ಕೂ ನಿನ್ನ ಮನೆ ಕಾಣುತ್ತೆ. ಒಂದು ಟ್ರಂಕ್ ತಂದು ನಮ್ಮನೇಲಿಡು."

ನನಗೆ ಇದು ಹಿಡಿಸಲಿಲ್ಲ. ನಮ್ಮ ಅಮ್ಮ ಹೇಳಿಕೊಟ್ಟದ್ದು ಒಂದೇ ಪಾಠ: ಕೊಟ್ಟ ಕೈ ಮೇಲೆ, ಇಸಕೊಂಡ ಕೈ ಕೆಳಗೆ. ನಾನು ಯಾರ ಹತ್ತಿರವೂ ಸೈಕಲ್ ಪಂಪನ್ನೂ ಕೇಳಿದವನಲ್ಲ. ನಾಳೆ ಕಷ್ಟ ಬಂದಾಗ ನಮ್ಮ ಬಾಗಿಲಿಗೆ ಬಾ ಎಂದು ಈಗಲೇ ಕರೆದ ಹಾಗೆ ಕೇಳಿಸಿತು. "ದುಡಿದು ತಿನ್ನೋನು ನಾನು. ಯಾರೂ ಏನೂ ಕೊಡೋದು ಬೇಡಕ್ಕ" ಅಂದೆ.

"ಕೊಡೋಕೆ ಯಾರು ಕರೆದ್ರು ನಿನ್ನ? ಇಡೋಕೆ ಕರೆದೆ."

ಲೀಲಾ ನಕ್ಕಳು. ಮುಂದಿನ ಭಾನುವಾರ ಟ್ರಂಕು ಹೋಯಿತು. ನಾನು ಅದರಲ್ಲಿ ಮದುವೆಯ ಕೋಟು, ನಮ್ಮಿಬ್ಬರ ಫೋಟೋ ಇಟ್ಟಿದ್ದೆ. ಪಾರ್ವತಕ್ಕ ಎರಡನ್ನೂ ತೆಗೆದು ಹೊರಗಿಟ್ಟರು. "ಮನೆ ಮುಳುಗಿದ ದಿನ ಕೋಟ್ ಹಾಕ್ಕೊಂಡು ಯಾವ ಮದುವೆಗೆ ಹೋಗ್ತೀಯ ಮಾರಾಯ? ಇವಳ ಮುಖ ನೋಡೋಕೆ ಫೋಟೋ ಯಾಕೆ, ಪಕ್ಕದಲ್ಲೇ ಇರ್ತಾಳೆ." ಮಗಳು ಹುಟ್ಟಿದ ಮೇಲೆ ಪ್ರತಿ ಚಳಿಗಾಲಕ್ಕೂ ಅವಳ ಹಳೆಯ ಸ್ವೆಟರು ಹೊರಗೆ ಬಂದು ಒಂದು ಅಳತೆ ದೊಡ್ಡದು ಒಳಗೆ ಹೋಗುತ್ತಿತ್ತು. ನಾನು ಇದನ್ನು ಹೆಂಗಸರ ಆಟ ಎಂದು ಸುಮ್ಮನಿದ್ದೆ.

ಒಂದು ಮಳೆಗಾಲ ತುಂಗೆ ನಮ್ಮ ಬೀದಿಗೆ ಬಂದಳು. ಬೆಳಗ್ಗೆ ಚರಂಡಿಯಲ್ಲಿದ್ದ ನೀರು ತಿಂಡಿಯ ಹೊತ್ತಿಗೆ ಹೊಸ್ತಿಲು ದಾಟಿತು. ಅಕ್ಕಿ, ಹಾಸಿಗೆ, ಬಟ್ಟೆ ಎಲ್ಲ ನೆಂದವು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದ ನೀರಿನಲ್ಲಿ ನಡೆದು ಮೇಲಿನ ರಸ್ತೆಗೆ ಬಂದೆವು. ಹತ್ತಿರದ ಛತ್ರವೊಂದರಲ್ಲಿ ಬಜಾರಿನವರು ಚಿತ್ರಾನ್ನ, ಕಂಬಳಿ ಹಂಚುತ್ತಿದ್ದರು. ಮಗಳ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

"ಒಂದು ಕಂಬಳಿ ಇಸ್ಕೊಂಡು ಬನ್ನಿ" ಅಂದಳು ಲೀಲಾ.

ಹೋಗಿ ಸಾಲಿನಲ್ಲಿ ನಿಂತೆ. ನಿಂತೆ ಎಂಬುದೂ ನನ್ನ ಮಟ್ಟಿಗೆ ದೊಡ್ಡದೇ. ಕಂಬಳಿ ಕೊಡುತ್ತಿದ್ದವರು ನನ್ನ ಹತ್ತಿರ ಬೀರು ಮಾಡಿಸಿಕೊಂಡಿದ್ದ ಬಟ್ಟೆ ಅಂಗಡಿಯವರು. ಒಳ್ಳೆಯ ಮನುಷ್ಯ. ನನ್ನನ್ನು ನೋಡಿ ಗಾಬರಿಯಿಂದ, "ಅರೆ, ಪರಮೇಶಣ್ಣ, ನೀವೂನಾ?" ಅಂದುಬಿಟ್ಟರು. "ಇಲ್ಲ, ಸುಮ್ನೆ ನೋಡೋಣ ಅಂತ ಬಂದೆ" ಎಂದು ಬರಿಗೈಯಲ್ಲಿ ವಾಪಸು ಬಂದೆ.

ಲೀಲಾ ನನ್ನ ಕೈ ನೋಡಿದಳು, ಮುಖ ನೋಡಿದಳು. ಮಗಳನ್ನು ಎತ್ತಿಕೊಂಡಳು. "ನೀವು ನಿಮ್ಮ ಮರ್ಯಾದೆ ಜೊತೆ ಇಲ್ಲೇ ನಿಂತಿರಿ. ನಮ್ಮ ಟ್ರಂಕ್ ಇರೋ ಕಡೆ ನಾವು ಹೋಗ್ತೀವಿ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದೆ ನಡೆದೆ.

ಭದ್ರಾವತಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತು ಏನು ಹೇಳುವುದು ಎಂದು ಮಾತು ಜೋಡಿಸಿದೆ. ಒಂದೂ ಬೇಕಾಗಲಿಲ್ಲ. ಪಾರ್ವತಕ್ಕ ಬಾಗಿಲು ತೆಗೆದು, ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ. "ಬಾರಮ್ಮ ಲೀಲಾ. ಏ ಪರಮೇಶಿ, ಮಂಚದ ಕೆಳಗಿಂದ ನಿನ್ನ ಟ್ರಂಕ್ ಎಳಿ. ನನ್ನ ಸೊಂಟ ಬಗ್ಗಲ್ಲ. ಎಷ್ಟು ದಿನದಿಂದ ಜಾಗ ಕಟ್ಕೊಂಡು ಕೂತೈತೆ!"

ಎಳೆದೆ. ನನ್ನ ಕೈಯ ಬೆಸುಗೆ, ನನ್ನ ಚಿಲಕ. ಒಳಗೆ ನನ್ನ ಅಂಗಿ, ಲೀಲಾಳ ಸೀರೆ, ನಮ್ಮ ಕೌದಿ, ಮಗಳ ಅಳತೆಗೆ ಸರಿಯಾದ ಸ್ವೆಟರು. ಎಲ್ಲ ಗರಿಗರಿಯಾಗಿ ಒಣಗಿದ್ದವು, ಬೇವಿನ ವಾಸನೆ ಹೊಡೆಯುತ್ತಿದ್ದವು. ಮಗಳಿಗೆ ತೊಡಿಸಿ, ಹುರಿಹಿಟ್ಟು ಕಲಸಿ ತಿನ್ನಿಸಿದೆವು. ಪಾರ್ವತಕ್ಕ ಒಂದು ಬಕೆಟ್ಟು ಬಿಸಿನೀರು ತಂದಿಟ್ಟು ನನ್ನ ಮುಖ ನೋಡಿದರು. "ಬಿಸಿನೀರು ಮಾತ್ರ ನಮ್ದು ಕಣೋ. ಅದನ್ನೂ ನೀನೇ ತಂದಿದ್ರೆ ಹೇಳು, ಇದನ್ನ ಚೆಲ್ತೀನಿ."

ಬೆಳಗ್ಗಿನಿಂದ ಮೊದಲ ಸಲ ನಕ್ಕೆ. ನಗು ಎಲ್ಲೋ ನಡುವೆ ಬೇರೆಯಾಯಿತು. ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದೆ.

ನೀರು ಇಳಿದು ಮನೆ ಒಣಗುವ ತನಕ ಅಲ್ಲೇ ಇದ್ದೆವು. ದಿನಾ ಊಟಕ್ಕೆ ಕೂತಾಗ ಅವರು, "ಇನ್ನೂ ನಿನ್ನ ಅಕ್ಕೀನೇ ನಡೀತೈತೆ, ತಿನ್ನು" ಅನ್ನುತ್ತಿದ್ದರು. ಆ ಟ್ರಂಕಿಗೆ ಎಷ್ಟು ಅಕ್ಕಿ ಹಿಡಿಯುತ್ತದೆ ಎಂಬುದು ಅದನ್ನು ಮಾಡಿದ ನನಗೆ ಗೊತ್ತಿರಲಿಲ್ಲವೇ? ಆದರೂ ತಿಂದೆ.

ಆಮೇಲೆ ಕಾಲ ನಡೆಯಿತು. ಸೆಲ್ವಿ ಮಗನ ಜೊತೆ ಸೇಲಂ ಕಡೆ ಹೋದರು. ಸಿದ್ದಪ್ಪನವರು ತೀರಿಕೊಂಡರು. ಎತ್ತರದ ಜಾಗದಲ್ಲಿ ನಾನು ಮನೆ ಕಟ್ಟಿಸಿದಾಗ ಪಾರ್ವತಕ್ಕ ಗೃಹಪ್ರವೇಶಕ್ಕೆ ತಮ್ಮ ಟ್ರಂಕು ಹಿಡಿದೇ ಬಂದರು. "ಉಡುಗೊರೆ ಅಲ್ಲ, ಆಸೆ ಪಡಬೇಡ. ಇಡೋಕೆ ತಂದಿದೀನಿ" ಅಂದರು.

ಹೋದ ಪುಷ್ಯದ ಚಳಿಯಲ್ಲಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಚಿತ್ರದುರ್ಗದಿಂದ ಬಂದ ಅವರ ಮಗಳು ನೋಡಿಕೊಳ್ಳುತ್ತಿದ್ದಳು. "ಅಮ್ಮಂಗೆ ಚಳಿ ತಡಿಯಕ್ಕಾಗ್ತಿಲ್ಲ ಅಣ್ಣ" ಎಂದು ಫೋನು ಮಾಡಿದಳು. ನಾನು ಟ್ರಂಕಿನಿಂದ ಅವರ ಕೌದಿ ತೆಗೆದೆ. ತೆಳ್ಳಗಾಗಿತ್ತು. ದಾರಿಯಲ್ಲಿ ಗಾಂಧಿ ಬಜಾರಿಗೆ ಹೊಕ್ಕು ಒಂದು ಉಣ್ಣೆಯ ಶಾಲು ಕೊಂಡು, ಬೆಲೆಯ ಚೀಟಿ ಕಿತ್ತು, ಕೌದಿಯ ಮಡಿಕೆಯೊಳಗೆ ಸೇರಿಸಿದೆ. ಕೊಟ್ಟರೆ ಅವರು ಇಸಕೊಳ್ಳುತ್ತಾರೋ ಇಲ್ಲವೋ ಎಂಬ ಭಯ ನನಗೆ. ಎಲ್ಲರೂ ನನ್ನ ಹಾಗೇ ಎಂದುಕೊಂಡಿದ್ದೆ.

ಕೌದಿ ಬಿಡಿಸಿದ ಕೂಡಲೇ ಶಾಲು ಅವರ ಕೈಗೆ ಬಂತು. ಬೆರಳಿನಿಂದ ಉಜ್ಜಿ ನೋಡಿದರು. "ಇದು ನಂದಲ್ಲ."

"ನಿಮ್ಮ ಟ್ರಂಕಲ್ಲೇ ಇತ್ತಕ್ಕ."

"ನನ್ನ ಟ್ರಂಕಲ್ಲಿ ಏನೈತೆ ಅಂತ ನಂಗೆ ಗೊತ್ತಿಲ್ವೇನೋ? ಅಂಗಡಿ ವಾಸ್ನೆ ಹೊಡೀತೈತೆ. ನೀನೇ ತಂದಿದೀಯ."

ಸಿಕ್ಕಿಬಿದ್ದೆ. ವಾಪಸು ಕೊಡುತ್ತಾರೆ ಎಂದು ಕೈ ಮುಂದೆ ಮಾಡಿದೆ. ಅವರು ಕೊಡಲಿಲ್ಲ.

"ಚಳಿ ಐತೆ. ಹೊದಿಸು" ಅಂದರು.

ಅಷ್ಟೇ. ಲೆಕ್ಕವಿಲ್ಲ, ನೆಪವಿಲ್ಲ. ನಾನು ಹೊದಿಸುತ್ತ, "ಅಷ್ಟು ಸುಲಭಾನಾ ಅಕ್ಕ?" ಎಂದು ಕೇಳಿಬಿಟ್ಟೆ.

"ಏನು?"

"ಇಸ್ಕೊಳ್ಳೋದು."

ಪಾರ್ವತಕ್ಕ ಕಣ್ಣು ಮುಚ್ಚಿಕೊಂಡೇ ಅಂದರು: "ಕಾಲು ಹೊರಗೈತೆ ನೋಡು. ಅದನ್ನ ಮುಚ್ಚು ಮೊದ್ಲು."

ಮುಚ್ಚಿದೆ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಸಂಕ್ರಾಂತಿಯ ಹೊತ್ತಿಗೆ ಅವರಿರಲಿಲ್ಲ. ಅವರ ಮಗಳು ಶಾಲನ್ನು ತೊಳೆದು ಮಡಿಸಿ ತಂದುಕೊಟ್ಟಳು. ಬೇಡ ಅನ್ನಲು ಹೊರಟವನು ಸುಮ್ಮನೆ ಕೈ ಚಾಚಿ ತೆಗೆದುಕೊಂಡೆ.

ಈಗ ನನಗೆ ಇರುವುದು ಇಷ್ಟು. ಅಂಗಡಿ ಒಂದು, ಅದರಲ್ಲಿ ಕೆಲಸಕ್ಕೆ ಮೂವರು. ಸ್ವಂತ ಮನೆ ಒಂದು. ಹೆಂಡತಿ, ಒಬ್ಬ ಮಗಳು. ನಮ್ಮ ಮನೆಯಲ್ಲಿ ಬೇರೆಯವರ ಟ್ರಂಕು ನಾಲ್ಕು, ಬೇರೆಯವರ ಮನೆಯಲ್ಲಿ ನಮ್ಮದು ಎರಡು. ಉಣ್ಣೆಯ ಶಾಲು ಒಂದು. ಬಾಯಿಬಿಟ್ಟು ಕೇಳಿ ಇಸಕೊಂಡದ್ದು, ಇದುವರೆಗೆ, ಒಂದೂ ಇಲ್ಲ.