ಕೆಂಪಮ್ಮನ ವಯಸ್ಸು

ಎಪ್ಪತ್ತು ದಾಟಿದ್ದ ನಮ್ಮಜ್ಜಿ ಕೂಡ ಕೆಂಪಮ್ಮನನ್ನು ‘ಮುದುಕಿ’ ಎಂದೇ ಕರೆಯುತ್ತಿದ್ದರು. ಅವಳ ಬೆನ್ನು ಬಾಗಿತ್ತು, ಕೂದಲು ನೆರೆತಿತ್ತು, ಮುಂದಿನ ಹಲ್ಲುಗಳಿರಲಿಲ್ಲ. ಹಿತ್ತಿಲ ಬಾಗಿಲ ಆಚೆಗೇ ಕುಳಿತು, ಒಳಗೆ ಅಜ್ಜಿ ಕಬ್ಬು ಸಿಗಿಯುವುದನ್ನು ನೋಡಿ ನಗುತ್ತಿದ್ದಳು.

“ಎಲ್ಡು ಹಲ್ಲ ನಂಗೂ ಕೊಡ್ರವ್ವ. ಒಂದು ಜಲ್ಲೆ ತಿಂದು ವಾಪಸ್ ಕೊಟ್ಬುಡ್ತೀನಿ.”

“ಓಗ್ ಮುದ್ಕಿ, ಕಾಡು ಬಾ ಅನ್ನೋ ವಯಸ್ನಲ್ಲಿ ನಿಂಗ್ಯಾಕೆ ಹಲ್ಲು?”

ನಮ್ಮೂರು ಯಳಂದೂರಿನ ಹತ್ತಿರದ ಗದ್ದೆಬಯಲಿನಲ್ಲಿದೆ. ನಮ್ಮ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರಿಗೆ ಕೆಂಪಮ್ಮನೇ ಮುಂದಾಳು. ಒಂದು ಮಡಿ ಮುಗಿದ ಕೂಡಲೇ ಕೆಸರಲ್ಲಿ ಎದ್ದು ನಿಂತು, ಎರಡೂ ಕೈ ಸೊಂಟಕ್ಕೊತ್ತಿ ಕೂಗುತ್ತಿದ್ದಳು: “ಎದ್ದೇಳ್ರಮ್ಮಿ, ಸೊಂಟ ನೆಟ್ಟಗ್ ಮಾಡ್ಕಳಿ! ಮುರ್ದೋದ್ರೆ ಬುದ್ಯೋರು ತಮ್ದ ಕೊಟ್ಟಾರಾ?” ಹೆಂಗಸರೆಲ್ಲ ನಗುತ್ತ ಏಳುತ್ತಿದ್ದರು. ಬುದ್ಧಿಯವರೆಂದರೆ ಬದುವಿನ ಮೇಲೆ ಕೊಡೆ ಹಿಡಿದು ಕುಳಿತ ನಮ್ಮ ದೊಡ್ಡಪ್ಪ. ಅವರಿಗೆ ಆ ನಗು ಸೇರುತ್ತಿರಲಿಲ್ಲ.

ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ ಅವಳ ವಯಸ್ಸು ಕೇಳಿದೆ.

“ನಿಮ್ಮವ್ವ ಈ ಮನಗೆ ಬಂದಾಗ ನಾನಿನ್ನೂ ಮೈನೆರ್ದಿರ್ನಿಲ್ಲ ಕಣ್ ಕೂಸೇ. ಮದ್ವೆ ಚಪ್ಪರಕ್ಕೆ ಸೊಪ್ಪು ಒತ್ತವ್ಳು ನಾನೆ.”

“ಊ ಕಣವ್ವ, ನನಗಿಂತ ಚಿಕ್ಕೋಳು,” ಎಂದಳು ಅವ್ವ, ಒಳಗಿನಿಂದ. ಅವ್ವನ ತಲೆಯಲ್ಲಿ ಒಂದೂ ಬಿಳಿಗೂದಲಿರಲಿಲ್ಲ.

“ಮತ್ತೆ ಹಲ್ಲು ಉದುರಿದ್ದು?”

“ಅವೇನು ಉದ್ರುದ್ವಾ? ಉದ್ರುಸುದ್ರು. ಎದ್ ನಿಂತ್ಕಂಡಿದ್ಕೆ.” ಗೋಡೆಗೆ ಒರಗಿದ್ದ ದೊಡ್ಡಪ್ಪನ ಕೋಲಿನ ಕಡೆ ಅವಳ ಕಣ್ಣು ಹೋಯಿತು.

“ಈಗಲೂ ನಿಲ್ಲುತ್ತೀಯಲ್ಲ?”

“ದವಡೆ ಹಲ್ಲು ಇನ್ನೂ ಅವಲ್ಲ ಕೂಸೇ!” ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮರುವರ್ಷ ನಾಟಿಯ ಹೊತ್ತಿಗೆ ನಾನು ಬಸ್ಸಿಳಿದಾಗ ಕೇರಿಯಿಂದ ತಮಟೆ ಕೇಳುತ್ತಿತ್ತು. ದೊಡ್ಡಪ್ಪ ತಲೆಗೇ ಹೊಡೆದರೆಂದು, ಕೆಂಪಮ್ಮ ಮತ್ತೆ ಏಳಲಿಲ್ಲವೆಂದು ದಾರಿಯಲ್ಲಿ ಸಿಕ್ಕ ನಾಟಿಯ ಹೆಂಗಸರು ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮೂರಿನಲ್ಲಿ ತುಂಬು ಬಾಳು ಬಾಳಿ ಸತ್ತವರ ಮುಂದೆ ಮಾತ್ರ ತಮಟೆಗೆ ಕುಣಿಯುತ್ತಾರೆ. ಕುಣಿಯುವವರನ್ನು ಕಳಿಸಿದವರು ದೊಡ್ಡಪ್ಪನೇ.

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಅವರು ಪೊಲೀಸಿನವನಿಗೆ ಹೇಳುತ್ತಿದ್ದರು: “ವಯಸ್ಸಾಗಿತ್ತು ಸಾ. ತಲೆ ಸುತ್ತಿ ಬಿದ್ಲು. ಹಣ್ಣೆಲೆ, ಉದುರ್ತು.”

ಅವನು ತಲೆಯಾಡಿಸಿದ. ಹೆಣವನ್ನು ನೋಡಿಯೇ ಬಂದಿದ್ದ. ನೆರೆತ ಕೂದಲು, ಬಾಗಿದ ಬೆನ್ನು, ಬೊಚ್ಚು ಬಾಯಿ: ನಮ್ಮ ಗದ್ದೆಯೂ ನಮ್ಮ ಕೋಲೂ ಅವಳಿಗೆ ಮಾಡಿದ್ದೆಲ್ಲ ಈಗ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು.

“ಅವಳು ನಮ್ಮವ್ವನಿಗಿಂತ ಚಿಕ್ಕವಳು,” ಎಂದೆ. “ಇವರೇ ಹೊಡೆದದ್ದು. ಬೇಕಾದರೆ ಅವ್ವನನ್ನು ಕೇಳಿ, ಅವಳ ವಯಸ್ಸೆಷ್ಟೆಂದು.”

ಪೊಲೀಸಿನವನು ಬಾಗಿಲಲ್ಲಿದ್ದ ಅವ್ವನನ್ನೂ ಅವಳ ಕಪ್ಪು ಜಡೆಯನ್ನೂ ನೋಡಿ ನಕ್ಕ. “ಓದೋ ಉಡ್ಗಿ, ಪಾಪ.”

ಅವ್ವ ಒಳಗೆ ಹೋದಳು.

ಮುಂದಿನ ನಾಟಿಗೆ ಹೋಗಿ ಬದುವಿನ ಮೇಲೆ ನಿಂತೆ. ದೊಡ್ಡಪ್ಪ ಕೊಡೆಯ ಕೆಳಗಿದ್ದರು. ಮಡಿ ಮುಗಿಯಿತು. ಯಾರೂ ಎದ್ದು ನಿಲ್ಲಲಿಲ್ಲ. ಬಾಗಿದ ಬೆನ್ನುಗಳು ಹಾಗೆಯೇ ಪಕ್ಕದ ಮಡಿಗೆ ಇಳಿದವು.