ಬಿಟ್ಟೆ, ಹೋಯಿತು, ತೆಗೆದರು

ನಮ್ಮ ಬೀದಿಯ ಮೈಕಕ್ಕನ ದನಿ ಎಂಥದ್ದೆಂದರೆ, ಬಸ್ ನಿಲ್ದಾಣದಲ್ಲಿ ಅವಳು “ಪ್ರಯಾಣಿಕರ ಗಮನಕ್ಕೆ” ಎಂದರೆ ಸಾಕು, ಹೊರಟುಹೋದ ಬಸ್ಸು ಹಿಂದಕ್ಕೆ ಬಂದು ಕೈಕಟ್ಟಿ ನಿಲ್ಲುತ್ತಿತ್ತು. ಯಾರನ್ನೋ ಕಳಿಸಿಕೊಡಲು ಬಂದವರು ಆ ದನಿಗೆ ಮರುಳಾಗಿ ತಾವೇ ಹತ್ತಿ, ಕೊನೆಯ ಊರಿನಲ್ಲಿ ಇಳಿದು, ಅಲ್ಲೇ ಸಂಸಾರ ಹೂಡಿದ್ದೂ ಉಂಟು. ನಾನು ಹೆಚ್ಚಿಸಿ ಹೇಳುತ್ತೇನೆಂದು ನನ್ನ ಹೆಂಡತಿಯ ದೂರು. ಇರಲಿ, ಅರ್ಧ ಕಳೆದು ಓದಿಕೊಳ್ಳಿ.

ಗಾರೆ ಕೆಲಸದ ಗಂಡ ಕಟ್ಟಡದ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಮನೆ ನಡೆಯುತ್ತಿದ್ದದ್ದು ಅವಳ ಗಂಟಲಿನಿಂದಲೇ. ರಾತ್ರಿಯೆಲ್ಲ ಎದ್ದೆದ್ದು ಗಂಡನನ್ನು ಮಗ್ಗುಲಿಗೆ ಹೊರಳಿಸುವುದು, ಬೆಳಗಾದರೆ ಬಸ್ಸುಗಳನ್ನು ಹೊರಡಿಸುವುದು. ಆ ಗಂಟಲೇ ಒಂದು ದಿನ ಕುತ್ತಿಗೆಗೆ ಬಂತು.

ಬಸ್ಸೊಂದು ನಿಲ್ದಾಣದ ಸಾಹೇಬರ ಸಹಿಗಾಗಿ ಕಾದು ನಿಂತಿತ್ತು. ಕಸ ಗುಡಿಸುವ ಅಜ್ಜಿ ಕಿಟಕಿಯಲ್ಲಿ ಮುಖ ಹಾಕಿ, “ಯಾಕಕ್ಕ ಇನ್ನೂ ಹೊರಟಿಲ್ಲ?” ಎಂದಳು.

“ಸಾಹೇಬ್ರು ಎದ್ದ ಮೇಲೆ ಹೊರಡುತ್ತೆ ಅಜ್ಜಿ. ಅವರು ಏಳೋದು ಸಂಬಳದ ದಿನ.”

ಮೈಕಿನ ಸ್ವಿಚ್ಚು ಆರಿಸಿದ್ದೇನೆಂದು ಅವಳು ತಿಳಿದಿದ್ದಳು. ಆರಿಸಿರಲಿಲ್ಲ. ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಬಸ್ಸುಗಳ ಟೈರು ಕೂಡ ಹೊಟ್ಟೆ ಹಿಡಿದುಕೊಂಡವು. ಸಾಹೇಬರು ಕೆಂಪು ಕಣ್ಣು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರೊಬ್ಬರು ನಗಲಿಲ್ಲ. ಸಂಜೆಯೊಳಗೆ ಅವಳ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು.

ಕೆಲಸ ಹುಡುಕಿಕೊಂಡು ಹೊರಟ ಸೊಸೆಗೆ ಅತ್ತೆಯೇ ಪಾಠ ಹೇಳಿಕೊಟ್ಟರು. “ಬಿಟ್ಟೆ ಅನ್ನು. ತೆಗೆದ್ರು ಅಂತ ಅಪ್ಪಿತಪ್ಪಿಯೂ ಅನ್ನಬೇಡ. ತೆಗೆಯೋದು ಹುಳುಕು ಹಲ್ಲನ್ನ.”

ಬಟ್ಟೆ ಅಂಗಡಿಯ ಯಜಮಾನ, “ಹಳೇ ಕೆಲಸ ಏನಾಯ್ತಮ್ಮ?” ಎಂದು ಕೇಳಿದ.

“ಬಿಟ್ಟೆ ಸಾರ್. ನಾನೇ...”

“ತಡೀರಿ, ತಡೀರಿ. ಈ ದನಿ ಎಲ್ಲೋ ಕೇಳಿದೀನಲ್ಲ. ಸಂಬಳದ ದಿನ ಏಳೋ ಸಾಹೇಬ್ರು. ನೀವೇನಾ ಅದು?” ಅಂಗಡಿಯವರನ್ನೆಲ್ಲ ಕೂಗಿ ಕರೆದು ತೋರಿಸಿದ. ಅವರು ನಕ್ಕ ರಭಸಕ್ಕೆ ಅಟ್ಟಣಿಗೆಯ ಸೀರೆಗಳು ತಾವೇ ಬಿಚ್ಚಿಕೊಂಡವಂತೆ. ಆಮೇಲೆ, ಹೇಳಿ ಕಳಿಸುತ್ತೇವೆ ಎಂದು ಕಳಿಸಿದರು. ಹೇಳಿ ಕಳಿಸಲಿಲ್ಲ.

ಮಲಗಿದಲ್ಲಿಂದ ಗಂಡ ಇನ್ನೊಂದು ಉಪಾಯ ಕೊಟ್ಟ. “ಹೋಯ್ತು ಅನ್ನು. ಹೋಗೋದರಲ್ಲಿ ಯಾರ ತಪ್ಪೂ ಇರಲ್ಲ. ಕರೆಂಟು ಹೋಗಲ್ವಾ? ನನ್ನ ಸೊಂಟ ಹೋಗಲಿಲ್ವಾ?”

ಅದನ್ನು ಕೊರಿಯರ್ ಆಫೀಸಿನಲ್ಲಿ ಹೇಳಿದಳು. ಅಲ್ಲಿಯವನು ಪೊಟ್ಟಣಕ್ಕೆ ಟೇಪು ಸುತ್ತುತ್ತ, ತಲೆಯೆತ್ತದೆ, “ಎಲ್ಲಿಗೆ ಹೋಯ್ತು? ವಿಳಾಸ ಕೊಡಿ, ತರಿಸೋಣ,” ಎಂದ.

ಬಿಟ್ಟೆ ನಡೆಯಲಿಲ್ಲ, ಹೋಯ್ತು ನಡೆಯಲಿಲ್ಲ. ಹೇಗೂ ದನಿ ಗುರುತು ಹಿಡಿಯುತ್ತಾರೆ, ನಾನೇ ಹೇಳಿಬಿಟ್ಟರೆ ಆಯಿತು ಎಂದುಕೊಂಡು ಅವಳೇ ಆ ಕತೆ ಹೇಳತೊಡಗಿದಳು. ಕೆಂಪು ಕಣ್ಣಿಗೆ ಒಂದಿಷ್ಟು ಗೊರಕೆ ಸೇರಿತು, ಗೊರಕೆಗೆ ಒಂದು ದಿಂಬು. ಹೋದಲ್ಲೆಲ್ಲ ಜನ ಕಣ್ಣೊರೆಸಿಕೊಂಡು ನಕ್ಕರು, ಟೀ ಕೊಟ್ಟರು. ಕೆಲಸ ಮಾತ್ರ ಕೊಡಲಿಲ್ಲ. ಒಬ್ಬ ಬಾಯಿಬಿಟ್ಟೇ ಹೇಳಿದ: “ನಾಳೆ ನಾನು ಕೆಮ್ಮಿದ್ರೂ ಊರಿಗೆಲ್ಲ ಕೇಳಿಸ್ತೀರಲ್ಲಮ್ಮ.”

“ಊರನ್ನೆಲ್ಲ ನಗಿಸ್ತಿದೀಯ,” ಎಂದರು ಅತ್ತೆ. “ನಮ್ಮನೆ ಒಲೆಯೊಂದು ನಗ್ತಿಲ್ಲ.”

ಹೀಗಿರುವಾಗ ಒಂದು ಮಧ್ಯಾಹ್ನ ಕಸ ಗುಡಿಸುವ ಅಜ್ಜಿ ನೋಡಲು ಬಂದಳು. ಮೈಕಕ್ಕ ರೂಢಿಯಂತೆ ಕತೆ ಶುರುಮಾಡಿದಳು. ದಿಂಬಿನ ತನಕ ಬಂದರೂ ಅಜ್ಜಿ ನಗಲಿಲ್ಲ.

“ಸಾಹೇಬ್ರ ಹೆಂಡ್ತಿ ಹೋದ್ರು ಕಣಕ್ಕ, ಮೊನ್ನೆ. ವರ್ಷದಿಂದ ಹಾಸಿಗೆ ಹಿಡಿದಿದ್ರಂತೆ. ರಾತ್ರಿಯೆಲ್ಲ ಇವರೇ ಕೂತು ನೋಡ್ಕೊಳ್ತಿದ್ರಂತೆ. ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ ನೋಡು.”

ಒಳಗೆ ಗಂಡ ನರಳಿದ. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅವಳು ಎದ್ದುಹೋಗಿ ಹೊರಳಿಸಿ ಬಂದು ಕೂತಳು. ಆ ಕೆಂಪು ಕಣ್ಣು ಎಂಥದ್ದೆಂದು ಊರಿನಲ್ಲಿ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕಿತ್ತು. ದಿನಾ ಬೆಳಗ್ಗೆ ಕನ್ನಡಿಯಲ್ಲಿ ಅಂಥದ್ದೇ ಎರಡನ್ನು ನೋಡಿಕೊಳ್ಳುತ್ತಿದ್ದಳು.

ಮರುದಿನ ಸಾಹೇಬರ ಮನೆಯ ತನಕ ಹೋದಳು. ಬಾಗಿಲು ತಟ್ಟಲು ಕೈ ಬರಲಿಲ್ಲ, ತಿರುಗಿ ಬಂದಳು.

ಆಮೇಲೆ ಕರೆ ಬಂದದ್ದು ಆಸ್ಪತ್ರೆಯಿಂದ. ರೋಗಿಗಳ ಹೆಸರು ಕೂಗಿ ಡಾಕ್ಟರ ಬಳಿಗೆ ಕಳಿಸುವ ಕೆಲಸ. ಇದೂ ತಪ್ಪಿದರೆ ಗಂಡನ ಔಷಧಿ ನಿಲ್ಲಿಸಬೇಕು ಎಂಬ ಸ್ಥಿತಿಯಲ್ಲಿ ಮನೆ ಇತ್ತು.

“ಹಳೇ ಕೆಲಸ?” ಮೇಲ್ವಿಚಾರಕಿ ಕೇಳಿದರು.

“ತೆಗೆದ್ರು.”

ಆ ಹೆಂಗಸು ಕನ್ನಡಕ ಸರಿಮಾಡಿಕೊಂಡರು. ಆ ಮಾತನ್ನು ಹಾಗೆ ನೆಟ್ಟಗೆ ಹೇಳುವವರು ಕಡಿಮೆ. “ಯಾಕೆ?”

“ಮೇಲಿನವರ ಬಗ್ಗೆ ಒಂದು ಮಾತಾಡಿದೆ. ಮೈಕು ಆನಾಗಿತ್ತು. ಅವರು ತೆಗೆದದ್ದು ಸರಿ ಮೇಡಂ.”

“ಓ, ನೀವೇನಾ ಅದು? ನಿಮ್ಮ ಬಾಯಿಂದಲೇ ಒಂದ್ಸಲ ಕೇಳಬೇಕಲ್ಲ. ಇರಿ, ನಮ್ಮ ಸಿಸ್ಟರ್‌ಗಳನ್ನೂ ಕರೀತೀನಿ.”

“ಬೇಡ ಮೇಡಂ. ಅದನ್ನ ಈಗ ಹೇಳ್ತಿಲ್ಲ.”

“ಹೇಳಿದ್ರೆ ಕೆಲಸ ಕೊಡ್ತೀನಿ ಅಂದ್ರೆ?”

ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಕೆಲಸ ಬೇಕು. ಎಷ್ಟು ಬೇಕು ಅಂತ ಹೇಳಿದ್ರೆ ನಿಮಗೂ ಬೇಜಾರಾಗುತ್ತೆ. ಆ ಮಾತು ಬೇಡ.”

“ಇಲ್ಲೂ ಸ್ವಿಚ್ಚು ಆರಿಸೋದು ಮರೆತ್ರೆ?”

“ಮರೀಬಹುದು. ಮಾತೇ ಆಡದಿದ್ರೆ ಸ್ವಿಚ್ಚು ಏನು ಮಾಡುತ್ತೆ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅದರ ಜೊತೆ ಕೆಲಸವೂ ಹೋಗುತ್ತದೆಂದು ಹೇಳಿದವರಿಗೆ ಗೊತ್ತಿತ್ತೋ ಇಲ್ಲವೋ. ಮೇಲ್ವಿಚಾರಕಿ, “ಒಂದು ತಿಂಗಳು ನೋಡೋಣ. ಮೈಕು ಕೊಡಲ್ಲ, ಬಾಯಲ್ಲೇ ಕೂಗಿ,” ಎಂದರು.

ತಿಂಗಳು ಇನ್ನೂ ಮುಗಿದಿಲ್ಲ. ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಅತ್ತೆ ದಿನಾ ಕೇಳುತ್ತಾರೆ, ಅವಳು ದಿನಾ ಗೊತ್ತಿಲ್ಲ ಎನ್ನುತ್ತಾಳೆ. ನನ್ನ ಮಂಡಿನೋವಿಗೆಂದು ಮೊನ್ನೆ ನಾನೂ ಹೋಗಿದ್ದೆ. ಬೆಂಚಿನ ಮೇಲೆ ರೋಗಿಯ ಕಡೆಯವನೊಬ್ಬ ಕೂತಲ್ಲೇ ನಿದ್ದೆಹೋಗಿದ್ದ. ಬಸ್ಸನ್ನು ಹಿಂದಕ್ಕೆ ಕರೆಸುತ್ತಿದ್ದ ಮೈಕಕ್ಕ ಅವನ ಹತ್ತಿರ ಹೋಗಿ, ಬಗ್ಗಿ, ಪಕ್ಕದಲ್ಲಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ ಹೆಸರು ಹೇಳಿದಳು.

ಇದರಲ್ಲಿ ಅರ್ಧ ಕಳೆಯಬೇಡಿ.